ನಡುವ ಹುಮನಾಬಾದ

ನಿನ್ನೆ ಗಾಲಿಕುರ್ಚಿದಾಗ ಕುಂತ ಮುದುಕಿ ಕೇಳಿದಳು:
"ಬೀದರ ವಿಮಾನ ಎಷ್ಟಕ್ಕದವ್ವಾ?"
ತಳ್ಳೋದು ನಿಲ್ಲಿಸಿದೆ.
ಇಲ್ಲಿಂದ ಬೀದರಕ್ಕ ವಿಮಾನ ಇಲ್ಲ ಆಯಿ, ಬಸ್ಸದ.
"ಅಲ್ಲೂ ಇಳೀತಾವ, ಇಲ್ಲೂ ಇಳೀತಾವ,
ನಡುವ ಏನು ಬ್ಯಾನಿ?"

ಕೌಂಟರಿನ ಹಿಂದ ಫರ್ಹೀನ್ ಮೇಡಂ ಬೆರಳು ಮಡಚಿದರು:
ಹಾರಲೇಬೇಕಂದ್ರ ಮೊದಲು ಬೆಂಗಳೂರು,
ಅಲ್ಲಿ ಒಂದು ರಾತ್ರಿ, ಆಮ್ಯಾಲ ಹೊಳ್ಳಿ ಬೀದರ.
ಪಕ್ಕದ ಮನಿಗೆ ಉಪ್ಪು ಕೇಳ್ಲಾಕ
ಊರೆಲ್ಲ ಸುತ್ತಿ ಹಿಂದಿನ ಬಾಗಿಲಿಗೆ ಬಂದಂಗ.
ಮುದುಕಿ ನಕ್ಕಳು. ನಾ ನಗಲಿಲ್ಲ.
ನನ್ನ ಗಂಡ ಅಲ್ಲಿ, ಬೀದರ ನಿಲ್ದಾಣದಾಗ,
ಮಂದಿ ಪೆಟ್ಟಿಗಿ ಎತ್ತತಾನ.

ಝರಣಪ್ಪ ಒಮ್ಮೆ ಫೋನಿನ ನಕಾಶೆ ಮ್ಯಾಲ
ಹೆಬ್ಬಟ್ಟು ಇಟ್ಟು ಅಳದಿದ್ದ.
ಎರಡೂ ನಿಲ್ದಾಣ ಉಗುರಿನ ಕೆಳಗ ಮುಚ್ಚಿ ಹೋದವು.
"ಸೂಗಮ್ಮಾ, ಏರ್ಲಾಕ ಹತ್ತು ನಿಮಿಷ, ಇಳೀಲಾಕ ಹತ್ತು,
ನಡುವ ಚಹಾ ಕೊಡ್ಲಾಕೂ ಪುರಸೊತ್ತಿಲ್ಲ."
ಹಾರಿದವರ ಗತಿ ಹೇಳ್ತಾನ!
ಇಬ್ಬರೂ ಇನ್ನೂ ಹಾರಿಲ್ಲ.
ಮೆಟ್ಟಿಲ ತುದಿ ತನಕ ನಾ ಹೋಗೀನಿ, ಮಂದಿ ಕೈ ಹಿಡಿದು.
ಅವ ವಿಮಾನದ ಹೊಟ್ಟಿ ಹೊಕ್ಕು ಬಂದಾನ,
ಸಾಮಾನಿನ ಕಡಿಂದ.

ನಮ್ಮ ದಾರಿ ಬ್ಯಾರೆ.
ಸರಡಗಿಯಿಂದ ಆಟೋ, ಕಲಬುರಗಿ ಬಸ್‌ಸ್ಟ್ಯಾಂಡು,
ಕಿಟಕಿ ಸಿಕ್ಕರ ಕಮಲಾಪುರ ತನಕ ನಿದ್ದಿ,
ಅಲ್ಲಿ ಕೆಂಪು ಬಾಳೆಹಣ್ಣಿನ ಬುಟ್ಟಿ ಕಿಟಕಿಗೇ ಬಂದು ಎಬ್ಬಿಸ್ತದ.
ಮುಂದ ಎಲ್ಲೋ ಒಂದು ತಿರುವಿನಾಗ
ಕರಿಮಣ್ಣು ಮುಗೀತದ, ಕೆಂಪು ಕಲ್ಲು ಚಾಲೂ.
ಅದು ಎಲ್ಲಿ ಅಂತ ಎಷ್ಟು ಸಲ ಕಣ್ಣಿಟ್ಟರೂ
ಹಿಡೀಲಾಕ ಆಗಿಲ್ಲ.
ಕೆಂಪು ಕಂಡ ಕೂಡಲೇ ಕನ್ನಡಿ ತೆಗೀತೀನಿ.

ಮಂಗಳವಾರ ಇಬ್ಬರಿಗೂ ಸೂಟಿ.
ಹುಮನಾಬಾದ ಬಸ್‌ಸ್ಟ್ಯಾಂಡಿನ ಮೂಲಿ ಬೆಂಚು ನಮ್ಮದು.
ನಾ ರೊಟ್ಟಿ, ಶೇಂಗಾ ಹಿಂಡಿ, ಬದನಿಕಾಯಿ ಪಲ್ಯ;
ಅವ ಬೀದರದ ಪ್ಯಾರಲಹಣ್ಣು, ಉಪ್ಪುಖಾರದ ಪುಡಿ ಕಾಗದದಾಗ.
ಕುಂತ ಕೂಡಲೇ ಜಗಳ:
ನನ್ನ ಪಾಲಿಗೆ ದೂರ ಹೆಚ್ಚು ಅಂತೀನಿ ನಾ,
ನನ್ನ ಪಾಲಿಗೆ ತೆಗ್ಗು ಹೆಚ್ಚು ಅಂತಾನ ಅವ.
"ನಿಂದು ಪುಕ್ಕಟ ಟಿಕೀಟು, ನೀನೇ ಬೀದರ ತನಕ ಬಾ."
ಬಂದ್ರ ಸಂಜಿ ಡ್ಯೂಟಿಗೆ ಯಾರು, ನಿಮ್ಮಪ್ಪ?
ಅಷ್ಟರಾಗ ನೆತ್ತಿ ಮ್ಯಾಲ ಒಂದು ಗುಡುಗು.
ವಾಯುಪಡೆ ಹುಡುಗರು ಹಾರೋದು ಕಲೀಲಾಕತ್ತಾರ,
ಬೀದರದಿಂದ ಬಂದು, ಒಂದು ಸುತ್ತು ಹೊಡದು,
ನಾವು ಮಾತು ಮುಗಿಸೋದರಾಗ ಮನಿ ಮುಟ್ಟತಾರ.
ಅವ ಕತ್ತೆತ್ತಿ ನೋಡ್ತಾನ. ನಾ ಅವನ ಕುತ್ತಿಗಿ ನೋಡ್ತೀನಿ,
ಪಟ್ಟಿ ಹೊತ್ತು ಕರ್ರಗಾದ ಕಡಿ.

ಹೋದ ಮಂಗಳವಾರ ಅವ ಬರಲಿಲ್ಲ.
ಮಂಜಿಗೆ ವಿಮಾನ ತಡ, ಸೂಟಿ ರದ್ದು.
ಫೋನಿನಾಗ ನಮ್ಮ ಮೈಕಿನ ದನಿ ತೆಗದ:
"ನಿಮಗಾದ ಅನಾನುಕೂಲಕ್ಕಾಗಿ ವಿಷಾದಿಸುತ್ತೇವೆ."
ದಿನಾ ನೂರು ಸಲ ಕೇಳೋ ಮಾತು,
ಬೆಂಚಿನ ಮ್ಯಾಲ ಒಬ್ಬಾಕಿನೇ ಎಷ್ಟು ನಕ್ಕೆನೆಂದ್ರ
ಬಾಜೂಕಿನಾಕಿ ತನ್ನ ಕೂಸಿನ್ನ ಹತ್ತಿರ ಎಳಕೊಂಡಳು.

ಹೊಂಟು ನಿಂತ ಬೀದರ ಬಸ್ಸಿನ ಕಂಡಕ್ಟರಿಗೆ
ಅವನ ಗಂಟು ಕೊಟ್ಟೆ.
ನಮ್ಮ ಕೌಂಟರಿನಿಂದ ಕೇಳಿ ತಂದ, ಒಡದ ಗ್ಲಾಸಿನ ಚಿತ್ರದ
ಕೆಂಪು ಚೀಟಿ ಪರ್ಸಿನಾಗ ಒಂದಿತ್ತು,
ಗಂಟಿನ ಮ್ಯಾಲ ಅಂಟಿಸಿದೆ.
ಕಂಡಕ್ಟರ ಓದಿದಂಗ ಮಾಡಿ, ಮಡಿಲಾಗೇ ಇಟಗೊಂಡ.

ಕಲಬುರಗಿ ಬಸ್ಸಿನಾಗ ನಿಂತೇ ಬಂದೆ.
ಕರಿಮಣ್ಣು ಯಾವಾಗ ಬಂತೋ ನೋಡಲಿಲ್ಲ.
ಸರಡಗಿ ಆಟೋದಾಗ ಇದ್ದಾಗ ಅವನ ಫೋನು:
"ಒಂದು ತಾಸು ಇಪ್ಪತ್ತು ನಿಮಿಷಕ್ಕ ಇಳೀತು.
ರೊಟ್ಟಿ ಮುರದಾವ.
ಪಲ್ಯ ಇನ್ನೂ ಬೆಚ್ಚಗದ."